ಮಟನ್ ಮೆತ್ತಗೆ ಮಾಡೋ ಪರಂಗಿ ಹಾಲು ಬಿಳಿ ವೈನನ್ನೂ ತಿಳಿ ಮಾಡುತ್ತಾ? ಪಪ್ಪಾಯಿ ಸಸಿ ನೆಡೋ ಮುಂಚೆ ಓದಿ

ಹಿರೇನಲ್ಲೂರು: ನಾಟಿ ಕೋಳಿ ಬಲಿತಿದ್ರೆ, ಮಟನ್ ಎಷ್ಟು ವಿಸಿಲ್ ಕೂಗಿಸಿದ್ರೂ ಬೇಯದಿದ್ರೆ ನಮ್ಮ ಕಡೆ ಹೆಂಗಸರು ಮಾಡೋ ಉಪಾಯ ಒಂದೇ. ಹಿತ್ತಲಿನ ಪರಂಗಿ ಕಾಯಿಯ ಒಂದು ಚೂರು ಹಾಕೋದು. ಕಾಯಿಯ ಬಿಳಿ ಹಾಲಿನಲ್ಲಿ ಪಪೈನ್ ಅನ್ನೋ ಕಿಣ್ವ ಇದೆ. ಅದು ಮಾಂಸದ ಪ್ರೋಟೀನನ್ನು ತುಂಡು ತುಂಡು ಮಾಡುತ್ತೆ, ಮಾಂಸ ಮೆತ್ತಗಾಗುತ್ತೆ. ಅನಾನಸ್ ಜಾಸ್ತಿ ತಿಂದ್ರೆ ನಾಲಿಗೆ ಉರಿಯೋದಕ್ಕೂ, ಹಸಿ ಅನಾನಸ್ ಹಾಕಿದ ಹಾಲು ಕಹಿಯಾಗೋದಕ್ಕೂ ಇಂಥದ್ದೇ ಇನ್ನೊಂದು ಕಿಣ್ವದ ಕೈವಾಡ ಇದೆ. ಅದರ ಹೆಸರು ಬ್ರೊಮೆಲೈನ್.

ಈ ಎರಡನ್ನೂ ಬಿಳಿ ವೈನ್ ತಿಳಿ ಮಾಡೋಕೆ ಬಳಸಬಹುದು ಅನ್ನೋ ಮಾತು ವೈನ್ ಉದ್ಯಮದಲ್ಲಿ ಹಳೆಯದು. ಅಡಿಕೆ ಸಸಿ ನಡುವೆ ಪಪ್ಪಾಯಿ ಇಟ್ಟವರಿಗೆ, ಬೋರ್‌ವೆಲ್ ನಂಬಿಕೊಂಡು ಕಡಿಮೆ ನೀರಿನ ಬೆಳೆ ಹುಡುಕ್ತಿರೋ ನಮ್ಮ ಬಯಲುಸೀಮೆ ರೈತರಿಗೆ ಇಂಥ ಮಾತು ಕಿವಿಗೆ ಬಿದ್ರೆ ಆಸೆ ಹುಟ್ಟೋದು ಸಹಜ. 'ಪರಂಗಿ ಹಾಲಿಗೆ ವೈನ್ ಫ್ಯಾಕ್ಟರಿಯಿಂದ ಬೇಡಿಕೆ ಇದೆ' ಅಂತ ಯಾರಾದ್ರೂ ಸಸಿ ಮಾರೋಕೆ ಬಂದ್ರೆ ನಂಬಬೇಕಾ? ನೇರವಾಗಿ ಹೇಳಿಬಿಡ್ತೀವಿ. ಕಿಣ್ವ ಕೆಲಸ ಮಾಡೋದು ನಿಜ, ಆದ್ರೆ ಮಟನ್‌ಗೆ ಮಾಡಿದಷ್ಟು ಸಲೀಸಾಗಿ ಅಲ್ಲ. ವೈನ್ ನೆಚ್ಚಿಕೊಂಡು ಪಪ್ಪಾಯಿ ಹಾಕೋದಂತೂ ಬೇಡ. ಯಾಕೆ ಅಂತ ಬಿಡಿಸಿ ನೋಡೋಣ.

ತಿಳಿಯಾಗಿದ್ದ ವೈನ್ ಮಬ್ಬಾಗೋದು ಯಾಕೆ?

ನಮ್ಮ ರಾಜ್ಯದಲ್ಲಿ ವೈನ್ ಅಂದ್ರೆ ಮೊದಲು ನೆನಪಾಗೋದು ನಂದಿ ಬೆಟ್ಟದ ತಪ್ಪಲು, ದೊಡ್ಡಬಳ್ಳಾಪುರ. ಗ್ರೋವರ್ ಕುಟುಂಬ 1988ರಲ್ಲಿ ಅಲ್ಲಿ ಫ್ರಾನ್ಸ್ ತಳಿಯ ದ್ರಾಕ್ಷಿ ಇಟ್ಟುಕೊಂಡು ಶುರು ಮಾಡಿತು. 2007ರಲ್ಲಿ ಸರ್ಕಾರ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿ ತಂದ ಮೇಲೆ ಬೇರೆಯವರೂ ಬಂದರು. ಬಿಳಿ ವೈನ್‌ಗೆ ಇಲ್ಲಿ ಹೆಚ್ಚಾಗಿ ಬಳಸೋದು ಸೊವಿಯೋಂ ಬ್ಲಾಂಕ್, ಶೆನಿನ್ ಬ್ಲಾಂಕ್ ಥರದ ತಳಿಗಳು. ಇವುಗಳಲ್ಲಿ ಸೊವಿಯೋಂ ಬ್ಲಾಂಕ್ ಮಬ್ಬಾಗೋದಕ್ಕೆ ಪ್ರಪಂಚದಲ್ಲೆಲ್ಲ ಹೆಸರುವಾಸಿ.

ಬಾಟಲಿಗೆ ತುಂಬುವಾಗ ಕನ್ನಡಿ ಹಾಗಿದ್ದ ಬಿಳಿ ವೈನ್, ಬಿಸಿಲಲ್ಲಿ ನಿಂತ ಲಾರಿಯಲ್ಲೋ ತಗಡಿನ ಗೋದಾಮಿನಲ್ಲೋ ಬಿಸಿಯಾದ್ರೆ ಅಕ್ಕಿ ತೊಳೆದ ನೀರಿನ ಹಾಗೆ ಮಬ್ಬಾಗುತ್ತೆ. ತಳದಲ್ಲಿ ಚರಟ ಕೂರುತ್ತೆ. ಆ ಮಬ್ಬಿನಿಂದ ಕುಡಿದವರಿಗೆ ಏನೂ ಆಗಲ್ಲ. ಆದ್ರೆ ಗಿರಾಕಿ ಒಪ್ಪಲ್ಲ, ಕೆಟ್ಟಿದೆ ಅಂತ ವಾಪಸ್ ತಂದುಕೊಡ್ತಾನೆ. ನಮ್ಮ ಏಪ್ರಿಲ್ ಬಿಸಿಲನ್ನು ಬಲ್ಲವರಿಗೆ ಇದು ಎಷ್ಟು ದೊಡ್ಡ ತಲೆನೋವು ಅಂತ ಬೇರೆ ಹೇಳಬೇಕಿಲ್ಲ.

ಮಬ್ಬಿಗೆ ಕಾರಣ ದ್ರಾಕ್ಷಿಯದ್ದೇ ಪ್ರೋಟೀನ್. ದ್ರಾಕ್ಷಿಗೆ ಬೂಷ್ಟು ರೋಗ ತಗುಲದಂತೆ ಕಾಯೋಕೆ ಹಣ್ಣು ತಾನೇ ಕೆಲವು ಪ್ರೋಟೀನ್ ತಯಾರಿಸಿಕೊಳ್ಳುತ್ತೆ. ಅದರಲ್ಲಿ ಒಂದು ಕೈಟಿನೇಸ್, ಶಿಲೀಂಧ್ರದ ಗೋಡೆಯನ್ನೇ ಒಡೆಯುವಂಥದ್ದು. ಇನ್ನೊಂದು ಥಾಮಾಟಿನ್ ಗುಂಪಿನದು. (ಪಶ್ಚಿಮ ಆಫ್ರಿಕಾದ ಒಂದು ಹಣ್ಣಿನಲ್ಲಿ ಸಿಗುವ, ಸಕ್ಕರೆಗಿಂತ ಸಾವಿರಾರು ಪಟ್ಟು ಸಿಹಿಯಾದ ಪ್ರೋಟೀನಿನ ಹೆಸರು ಇದು. ದ್ರಾಕ್ಷಿಯದ್ದು ಅದರ ದಾಯಾದಿ.) ಗಿಡದ ಕಾವಲುಗಾರರು ಇವು, ಹಾಗಾಗಿ ಗಟ್ಟಿಮುಟ್ಟು. ಹುದುಗುವಾಗ ರಸದ ಬೇರೆ ಪ್ರೋಟೀನ್‌ಗಳೆಲ್ಲ ಹುಳಿಗೆ ಸಿಕ್ಕಿ, ಈಸ್ಟ್‌ಗೆ ಆಹಾರವಾಗಿ ಹಾಳಾದ್ರೂ ಇವು ಹಾಗೇ ಉಳಿದುಕೊಳ್ತವೆ. ಆಮೇಲೆ ಬಿಸಿ ತಾಗಿದಾಗ ಸುರುಳಿ ಬಿಚ್ಚಿಕೊಂಡು, ಒಂದಕ್ಕೊಂದು ಅಂಟಿ, ಕಣ್ಣಿಗೆ ಕಾಣುವಷ್ಟು ದೊಡ್ಡ ಮುದ್ದೆಗಳಾಗ್ತವೆ. ಮೊಟ್ಟೆಯ ಲೋಳೆ ಬಾಣಲೆಗೆ ಬಿದ್ದಾಗ ಬೆಳ್ಳಗಾಗುತ್ತಲ್ಲ, ಹೆಚ್ಚುಕಡಿಮೆ ಅದೇ ಕಥೆ.

ಕೆಂಪು ವೈನ್‌ಗೆ ಈ ಕಾಟ ಇಲ್ಲ. ಅದನ್ನು ಸಿಪ್ಪೆ, ಬೀಜದ ಜೊತೆಯೇ ಹುದುಗಿಸ್ತಾರೆ. ಅವುಗಳ ಒಗರು, ಅಂದ್ರೆ ಟ್ಯಾನಿನ್, ಪ್ರೋಟೀನನ್ನು ಹಿಡಿದು ಮೊದಲೇ ತಳಕ್ಕೆ ಎಳೆದುಬಿಡುತ್ತೆ. ಬಿಳಿ ವೈನ್‌ಗೆ ಬರೀ ರಸ, ಅಲ್ಲಿ ಒಗರು ಕಡಿಮೆ.

ಈಗ ಮಾಡ್ತಿರೋದು: ಮಣ್ಣು ಹಾಕಿ ತಿಳಿ ಮಾಡೋದು

ಪ್ರಪಂಚದಲ್ಲೆಲ್ಲ ಇದಕ್ಕಿರೋ ಮಾಮೂಲಿ ಮದ್ದು ಬೆಂಟೊನೈಟ್ ಅನ್ನೋ ಜೇಡಿ. ಹೆಸರು ಹೊಸದು ಅನ್ನಿಸಿದ್ರೆ ನಿಮ್ಮ ಊರಿನ ಎಲೆಕ್ಟ್ರಿಷಿಯನ್ ಕೇಳಿ ನೋಡಿ. ಅರ್ಥಿಂಗ್ ಗುಂಡಿಗೆ ಸುರಿಯೋ ಪುಡಿಯಲ್ಲೂ ಇರೋದು ಇದೇ ಜಾತಿಯ ಜೇಡಿ, ನೀರು ಕುಡಿದು ಉಬ್ಬಿಕೊಳ್ಳುವಂಥದ್ದು. ನಮ್ಮ ದೇಶದಲ್ಲಿ ಗುಜರಾತಿನ ಕಚ್, ರಾಜಸ್ಥಾನದ ಬಾರ್ಮೇರ್ ಕಡೆ ಅಗೆದು ತೆಗೀತಾರೆ. ವೈನ್‌ಗೆ ಹಾಕೋದು ಆಹಾರ ದರ್ಜೆಯದ್ದು. ಅರ್ಥಿಂಗ್ ಪುಡಿಯನ್ನು ಬಾಯಿಗೆ ಹೋಗೋ ಯಾವ ವಸ್ತುವಿಗೂ ಹಾಕಬಾರದು, ಇದನ್ನು ಮೊದಲೇ ಹೇಳಿಬಿಡೋದು ಒಳ್ಳೇದು.

ವೈನಿನ ಹುಳಿಯಲ್ಲಿ ಪ್ರೋಟೀನ್‌ಗೆ ಧನ ವಿದ್ಯುದಂಶ, ಜೇಡಿಗೆ ಋಣ. ಎರಡೂ ಅಂಟಿಕೊಂಡು ತಳ ಸೇರ್ತವೆ, ಮೇಲಿನ ತಿಳಿ ಬಸಿದುಕೊಂಡ್ರೆ ಆಯ್ತು. ಖರ್ಚು ಕಡಿಮೆ, ಕೆಲಸವೂ ಗ್ಯಾರಂಟಿ.

ನಷ್ಟ ಇರೋದು ತಳದಲ್ಲಿ. ಉಬ್ಬಿದ ಜೇಡಿ ತನ್ನ ಜೊತೆ ವೈನನ್ನೂ ಹಿಡಿದಿಟ್ಟುಕೊಳ್ಳುತ್ತೆ. ಒಟ್ಟು ವೈನಿನಲ್ಲಿ ಶೇ 3ರಿಂದ 10ರಷ್ಟು ಹೀಗೆ ಕೆಸರಿನಲ್ಲಿ ಸಿಕ್ಕಿಕೊಳ್ಳುತ್ತೆ ಅಂತ ತಜ್ಞರು ಲೆಕ್ಕ ಕೊಡ್ತಾರೆ. ಸಾವಿರ ಲೀಟರ್ ಟ್ಯಾಂಕಿಗೆ 30ರಿಂದ 100 ಲೀಟರ್. ಕೆಸರಿನಿಂದ ಸ್ವಲ್ಪ ವಾಪಸ್ ಹಿಂಡಬಹುದು, ಆದ್ರೆ ಗುಣಮಟ್ಟ ಇಳಿದಿರುತ್ತೆ. ಜೇಡಿಗೆ ಭೇದಭಾವ ಬೇರೆ ಇಲ್ಲ, ಪ್ರೋಟೀನ್ ಜೊತೆ ಒಂದಿಷ್ಟು ಘಮವನ್ನೂ ಎಳ್ಕೊಂಡು ಹೋಗುತ್ತೆ. ಉಳಿಯೋ ಹಸಿ ಕೆಸರನ್ನು ಎಲ್ಲಿ ಸುರಿಯೋದು ಅನ್ನೋದು ಇನ್ನೊಂದು ಚಿಂತೆ. ಪ್ರೋಟೀನನ್ನು ಮಣ್ಣಿಗೆ ಅಂಟಿಸೋ ಬದಲು ಇದ್ದಲ್ಲೇ ಕತ್ತರಿಸಿ ಹಾಕಿದ್ರೆ ಹೇಗೆ ಅಂತ ವಿಜ್ಞಾನಿಗಳು ಯೋಚನೆ ಮಾಡಿದ್ದು ಈ ನಷ್ಟ ನೋಡಿಯೇ.

ಬಿಯರ್‌ನಲ್ಲಿ ಗೆದ್ದ ಪರಂಗಿ

ಪ್ರೋಟೀನ್ ಕತ್ತರಿಸೋ ಕತ್ತರಿ ಅಂದ ತಕ್ಷಣ ಪಪೈನ್ ನೆನಪಾಗೋಕೆ ಕಾರಣ ಇದೆ. ಬಿಯರ್ ತಣ್ಣಗಾದಾಗ ಮಬ್ಬಾಗೋದು ಹಿಂದೆ ದೊಡ್ಡ ಸಮಸ್ಯೆಯಾಗಿತ್ತು. ಅದಕ್ಕೆ ಪಪೈನ್‌ನಂಥ ಪ್ರೋಟೀನ್ ಕತ್ತರಿಸೋ ಕಿಣ್ವ ಹಾಕೋ ವಿಧಾನಕ್ಕೆ ನ್ಯೂಯಾರ್ಕಿನ ಲಿಯೋ ವಾಲರ್‌ಸ್ಟೈನ್ 1911ರಲ್ಲೇ ಪೇಟೆಂಟ್ ಪಡೆದರು. ಆಮೇಲೆ ಎಷ್ಟೋ ದಶಕ ಬಿಯರ್ ಕಂಪನಿಗಳು ಪರಂಗಿ ಹಾಲಿನ ಪುಡಿಯನ್ನು ಕೊಂಡವು. ಎರಡನೇ ಮಹಾಯುದ್ಧಕ್ಕೆ ಮುಂಚೆ ಪಪೈನ್ ವ್ಯಾಪಾರದಲ್ಲಿ ಪಕ್ಕದ ಸಿಲೋನ್ ದೊಡ್ಡ ಹೆಸರು.

ಬಿಯರ್‌ಗೆ ಆಗಿದ್ದು ವೈನ್‌ಗೆ ಯಾಕಾಗಲ್ಲ?

ಮೊದಲನೇದು ಹುಳಿ. ಬಿಯರ್‌ನ ಪಿಎಚ್ ಸುಮಾರು 4.2ರಿಂದ 4.5. ಬಿಳಿ ವೈನ್ 3ರಿಂದ 3.5ರ ಒಳಗೆ. ಪಿಎಚ್ ಒಂದು ಅಂಕ ಇಳಿದ್ರೆ ಹುಳಿ ಹತ್ತು ಪಟ್ಟು ಏರಿದ ಹಾಗೆ. ಪಪೈನ್ ಚೆನ್ನಾಗಿ ಕೆಲಸ ಮಾಡೋದು ಪಿಎಚ್ 6, 7ರ ಹತ್ತಿರ, ಅಂದ್ರೆ ಹುಳಿ ಹಾಕೋ ಮುಂಚಿನ ಮಟನ್ ಪಾತ್ರೆಯಲ್ಲಿ. ವೈನ್ ಹುಳಿಯಲ್ಲಿ ಅದು ಸೊರಗುತ್ತೆ. ಇದರ ಮೇಲೆ ಆಲ್ಕೋಹಾಲ್, ಕೆಡದಂತೆ ಹಾಕೋ ಗಂಧಕದ ಡೈಆಕ್ಸೈಡ್, ಅಲ್ಪಸ್ವಲ್ಪ ಟ್ಯಾನಿನ್, ಇವೆಲ್ಲ ಸೇರಿ ಕಿಣ್ವದ ಕೈ ಕಟ್ಟಿಹಾಕ್ತವೆ.

ಎರಡನೇದು ಇನ್ನೂ ಮುಖ್ಯ. ವೈನಿನ ಆ ಕಾವಲುಗಾರ ಪ್ರೋಟೀನ್‌ಗಳು ಬಿಗಿಯಾಗಿ ಸುತ್ತಿಕೊಂಡು, ಒಳಗೊಳಗೇ ಗಂಧಕದ ಕೊಂಡಿ ಹಾಕಿಕೊಂಡಿರ್ತವೆ. ಸುಲಿಯದ ತೆಂಗಿನಕಾಯಿಗೆ ಈಳಿಗೆಮಣೆ ಹಿಡಿದ ಹಾಗೆ. ಈಳಿಗೆ ಎಷ್ಟೇ ಚೂಪಿದ್ರೂ ಸಿಪ್ಪೆ ಮಟ್ಟೆ ಬಿಚ್ಚದೆ ಒಳಗಿನ ಕೊಬ್ಬರಿ ಸಿಗಲ್ಲ. ಮಟನ್ ಮೇಲೆ ಪರಂಗಿ ಗೆಲ್ಲೋಕೂ ಅರ್ಧ ಕಾರಣ ಒಲೆಯೇ. ಬಿಸಿಯಲ್ಲಿ ಮಾಂಸದ ಪ್ರೋಟೀನ್ ಬಿಚ್ಚಿಕೊಳ್ಳುತ್ತೆ, ಪಪೈನ್‌ಗೂ 60-65 ಡಿಗ್ರಿ ಶಾಖ ಅಂದ್ರೆ ಹಬ್ಬ. ಬಿಯರನ್ನೂ ಪಾಶ್ಚರೀಕರಣಕ್ಕೆ ಸುಮಾರು 60 ಡಿಗ್ರಿಗೆ ಕಾಯಿಸ್ತಾರೆ. ಆದ್ರೆ ಬಿಳಿ ವೈನನ್ನು 15 ಡಿಗ್ರಿ ಆಸುಪಾಸಿನಲ್ಲಿ ತಣ್ಣಗಿಟ್ಟು ಜೋಪಾನ ಮಾಡ್ತಾರೆ. ಆ ತಂಪಿನಲ್ಲಿ ಕಾಯಿಯೂ ಬಿಚ್ಚಲ್ಲ, ಈಳಿಗೆಯೂ ಓಡಲ್ಲ.

ಹಾಗಾದ್ರೆ ಕಿಣ್ವದ ದಾರಿ ಮುಚ್ಚಿತಾ?

ಇಲ್ಲ. ಆದ್ರೆ ಸದ್ಯಕ್ಕೆ ಗೆದ್ದಿರೋದು ಗಿಡದ ಕಿಣ್ವ ಅಲ್ಲ, ಬೂಷ್ಟಿನ ಕಿಣ್ವ. ಆಸ್ಪರ್‌ಜಿಲ್ಲಸ್ ಅನ್ನೋ ಶಿಲೀಂಧ್ರದಿಂದ ಬರೋ ಆಸ್ಪರ್‌ಜಿಲ್ಲೋಪೆಪ್ಸಿನ್‌ಗೆ ಹುಳಿ ಅಂದ್ರೆ ಇಷ್ಟ. ಆಸ್ಟ್ರೇಲಿಯಾದ ಸಂಶೋಧಕರು ಇದನ್ನು ದ್ರಾಕ್ಷಿ ರಸಕ್ಕೆ ಬೆರೆಸಿ, ಸುಮಾರು 75 ಡಿಗ್ರಿಗೆ ಒಂದು ನಿಮಿಷ ಕಾಯಿಸಿ, ತಕ್ಷಣ ತಣ್ಣಗೆ ಮಾಡಿ ನೋಡಿದರು. ಶಾಖ ಪ್ರೋಟೀನ್ ಬಿಚ್ಚಿತು, ಕಿಣ್ವ ಕತ್ತರಿಸಿತು. ಅಂತಾರಾಷ್ಟ್ರೀಯ ವೈನ್ ಸಂಸ್ಥೆಯೂ 2021ರಲ್ಲಿ ಈ ಕಿಣ್ವಕ್ಕೆ ಒಪ್ಪಿಗೆ ಕೊಟ್ಟಿತು. ಅಷ್ಟು ಬೇಗ ಕಾಯಿಸಿ ಅಷ್ಟೇ ಬೇಗ ತಂಪು ಮಾಡೋ ಯಂತ್ರ ಬೇಕು ಅನ್ನೋದೊಂದೇ ತೊಡಕು. ಸಣ್ಣ ವೈನರಿಗೆ ಅದು ಭಾರವೇ.

ಗಿಡದ ಕಡೆಯಿಂದ ಹೆಚ್ಚು ಭರವಸೆ ಹುಟ್ಟಿಸಿದ್ದು ಪರಂಗಿ ಅಲ್ಲ, ಅನಾನಸ್. ಕೈಗಾರಿಕೆಗೆ ಬೇಕಾದ ಬ್ರೊಮೆಲೈನ್ ಹಣ್ಣಿಗಿಂತ ಹೆಚ್ಚಾಗಿ ಕಾಂಡದಲ್ಲಿ ಸಿಗುತ್ತೆ, ಅಂದ್ರೆ ಕೊಯ್ಲಾದ ಮೇಲೆ ಹೊಲದಲ್ಲಿ ಉಳಿಯೋ ದಂಟಿನಲ್ಲಿ. ಇಟಲಿಯ ವಿಟೆರ್ಬೊ ಊರಿನ ತೂಷಾ ವಿಶ್ವವಿದ್ಯಾಲಯದ ಸಂಶೋಧಕರು ಈ ಕಾಂಡದ ಕಿಣ್ವವನ್ನು ಕೈಟೊಸಾನ್ ಮಣಿಗಳಿಗೆ ಅಂಟಿಸಿದರು. ಕೈಟೊಸಾನ್ ಅಂದ್ರೆ ಸೀಗಡಿ ಚಿಪ್ಪಿನಂಥದ್ದರಿಂದ ತೆಗೆಯೋ ವಸ್ತು. ಆ ಮಣಿಗಳನ್ನು ತುಂಬಿದ ಪಾತ್ರೆಯ ಮೂಲಕ ವೈನ್ ಹರಿಸಿದ್ರೆ ಪ್ರೋಟೀನ್ ಕತ್ತರಿಸಿಕೊಳ್ಳುತ್ತೆ, ಕಿಣ್ವ ಮಣಿಯಲ್ಲೇ ಉಳಿಯುತ್ತೆ. ಅದನ್ನೇ ಮತ್ತೆ ಬಳಸಬಹುದು, ವೈನ್ ಕಾಯಿಸಬೇಕಿಲ್ಲ. ಮಬ್ಬಾಗೋ ಸ್ವಭಾವ ಕಡಿಮೆಯಾಗಿದ್ದನ್ನು ಅವರು ತೋರಿಸಿದ್ದಾರೆ. ನಮ್ಮ ಅಭಿಪ್ರಾಯದಲ್ಲಿ ಕಣ್ಣಿಡಬೇಕಾದ ಕೆಲಸ ಇದೇ. ಸಾಗರ, ಶಿರಸಿ, ಬನವಾಸಿ ಕಡೆ ಅನಾನಸ್ ತೋಟಗಳಲ್ಲಿ ಕಿತ್ತು ಎಸೆಯೋ ಕಾಂಡ ಎಷ್ಟು ಅಂತ ನೋಡಿದವರಿಗೆ ಗೊತ್ತು. ಆದ್ರೆ ಇದು ಪ್ರಯೋಗಾಲಯ ಮತ್ತು ಸಣ್ಣ ಪ್ರಮಾಣದ ಪ್ರಯೋಗದ ಮಾತು ಅನ್ನೋದನ್ನು ಮರೀಬಾರದು.

ಕಾನೂನು ದೇಶ ದೇಶಕ್ಕೆ ಬೇರೆ. ಅಮೆರಿಕದ ನಿಯಮದಲ್ಲಿ ವೈನಿನ ಪ್ರೋಟೀನ್ ತೆಗೆಯೋಕೆ ಪಪೈನ್, ಬ್ರೊಮೆಲೈನ್, ಅಂಜೂರದ ಹಾಲಿನ ಫಿಸಿನ್, ಮೂರೂ ಹೆಸರಿಸಿ ಪಟ್ಟಿ ಮಾಡಲಾಗಿದೆ. ಪಟ್ಟಿಯಲ್ಲಿ ಹೆಸರಿದೆ ಅಂದ ಮಾತ್ರಕ್ಕೆ ವೈನರಿಗಳು ಮುಗಿಬಿದ್ದು ಕೊಳ್ತವೆ ಅಂತಲ್ಲ, ಮಾಮೂಲಿ ಮದ್ದು ಅಲ್ಲೂ ಜೇಡಿಯೇ. ನಮ್ಮಲ್ಲಿ ಮದ್ಯಕ್ಕೆ ಪ್ರತ್ಯೇಕವಾದ ಎಫ್‌ಎಸ್‌ಎಸ್‌ಎಐ ನಿಯಮ 2019ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಯಾವುದೇ ಹೊಸ ಕಿಣ್ವ ಬಳಸೋ ವೈನರಿ ಮೊದಲು ನೋಡಬೇಕಾದ ಪುಸ್ತಕ ಅದು.

ರೈತರ ಲೆಕ್ಕ: ಐದು ಕೆ.ಜಿ.ಗೆ ಎಷ್ಟು ತೋಟ ಬೇಕು?

ಒಂದು ಸಣ್ಣ ಲೆಕ್ಕ ಹಾಕೋಣ. ನೂರು ಲೀಟರ್ ವೈನ್‌ಗೆ 5 ಗ್ರಾಂ ಕಿಣ್ವ ಸಾಕು ಅಂತ ಇಟ್ಟುಕೊಳ್ಳಿ. ಇದು ನಾವು ಲೆಕ್ಕಕ್ಕಾಗಿ ಹಿಡಿದ ಅಂಕಿ ಅಷ್ಟೇ, ಆದ್ರೆ ಕಿಣ್ವಗಳನ್ನು ಬಳಸೋದೇ ಗ್ರಾಂ ಲೆಕ್ಕದಲ್ಲಿ. ವರ್ಷಕ್ಕೆ ಒಂದು ಲಕ್ಷ ಲೀಟರ್ ಬಿಳಿ ವೈನ್ ಮಾಡೋ ವೈನರಿಗೆ ಎಷ್ಟು ಬೇಕಾಯ್ತು? 5 ಕೆ.ಜಿ. ಒಂದು ಕೈಚೀಲದಲ್ಲಿ ಬಸ್ಸಿನಲ್ಲಿ ತಗೊಂಡು ಹೋಗಬಹುದು! ನಾಳೆ ನಂದಿ ತಪ್ಪಲಿನ ವೈನರಿಗಳೆಲ್ಲ ಪಪೈನ್‌ಗೆ ತಿರುಗಿದ್ರೂ ಕಡೂರು ತಾಲೂಕಿನ ಪಪ್ಪಾಯಿ ಬೆಲೆ ಒಂದು ರೂಪಾಯಿ ಅಲ್ಲಾಡಲ್ಲ.

ಪಪೈನ್‌ಗೆ ಮಾರುಕಟ್ಟೆಯೇ ಇಲ್ಲ ಅಂತ ಇದರ ಅರ್ಥ ಅಲ್ಲ. ಜೀರ್ಣದ ಮಾತ್ರೆ, ಸಿರಪ್, ಮಾಂಸ ಸಂಸ್ಕರಣೆ, ಚರ್ಮ ಹದ ಮಾಡೋದು, ಸೌಂದರ್ಯವರ್ಧಕ, ಇವೆಲ್ಲಕ್ಕೂ ಹೋಗುತ್ತೆ. ಭಾರತದಿಂದ ರಫ್ತೂ ಆಗುತ್ತೆ. ಯಾರಾದ್ರೂ ಹಾಲು ಕೊಳ್ತೀವಿ ಅಂತ ಬಂದ್ರೆ 'ವೈನ್‌ಗೆ' ಅನ್ನೋ ಬಣ್ಣದ ಮಾತು ಪಕ್ಕಕ್ಕಿಟ್ಟು, ಯಾವ ಕಾರ್ಖಾನೆಗೆ, ಹಸಿ ಹಾಲೋ ಒಣಪುಡಿಯೋ, ಯಾವ ದರ್ಜೆಗೆ ಏನು ದರ, ಬರಹದಲ್ಲಿ ಕೊಡ್ತೀರಾ ಅಂತ ಕೇಳಿ.

ಕೆಲಸ ಹೇಗಿರುತ್ತೆ ಅನ್ನೋದೂ ಗೊತ್ತಿರಲಿ. ಎರಡೂವರೆಯಿಂದ ಮೂರು ತಿಂಗಳ ಹಸಿರು ಕಾಯಿಗೆ ಬೆಳಗಿನ ತಂಪಿನಲ್ಲೇ ಮೇಲಿಂದ ಕೆಳಗೆ ನಾಲ್ಕು ಗೀರು ಹಾಕಬೇಕು, 2-3 ಮಿಲಿಮೀಟರ್‌ಗಿಂತ ಆಳ ಹೋಗಬಾರದು. ಸ್ಟೀಲ್ ಬ್ಲೇಡ್ ಇಲ್ಲಾ ಬಿದಿರಿನ ಚೂರು ಬಳಸಬೇಕು, ಕಬ್ಬಿಣ ತಾಗಿದ್ರೆ ಹಾಲು ಕಪ್ಪಾಗಿ ಕಿಣ್ವ ಕೆಡುತ್ತೆ. ಮೂರು-ನಾಲ್ಕು ದಿನ ಬಿಟ್ಟು ಅದೇ ಕಾಯಿಗೆ ಮತ್ತೆ ಗೀರು, ಹೀಗೆ ನಾಲ್ಕು ಸಲ. ಸೇರಿದ ಹಾಲಿಗೆ ಚಿಟಿಕೆ ಪೊಟ್ಯಾಸಿಯಂ ಮೆಟಾಬೈಸಲ್ಫೈಟ್ ಹಾಕಿ ಅವತ್ತೇ 50-55 ಡಿಗ್ರಿಯಲ್ಲಿ ಒಣಗಿಸಬೇಕು. ಹಾಲಿನಲ್ಲಿ ಮುಕ್ಕಾಲಿಗಿಂತ ಹೆಚ್ಚು ಭಾಗ ನೀರೇ, ಹಾಗಾಗಿ ಒಣಗಿದ ಮೇಲೆ ಕೈಗೆ ಸಿಗೋದು ಸ್ವಲ್ಪ. ಆಳುಗಳ ಕೂಲಿ ಮೊದಲು ಲೆಕ್ಕ ಹಾಕಿ, ಆಮೇಲೆ ಉಳಿದದ್ದು.

ಗೀರು ಬಿದ್ದ ಹಣ್ಣನ್ನು ಸಂತೆಯಲ್ಲಿ ಯಾರೂ ಪೂರ್ತಿ ಬೆಲೆಗೆ ಕೊಳ್ಳಲ್ಲ. ಬೇಕರಿಯ ಟೂಟಿ ಫ್ರೂಟಿಗೆ ಹೋಗುತ್ತೆ. (ಕೇಕಿನೊಳಗಿನ ಆ ಕೆಂಪು-ಹಸಿರು ಚೂರು ಪರಂಗಿ ಕಾಯಿ ಅಂತ ಗೊತ್ತಿಲ್ಲದವರು ಈಗಲೂ ಇದ್ದಾರೆ.) ನಮ್ಮ ಕಡೆ ಹೆಚ್ಚಾಗಿ ಕಾಣೋ ರೆಡ್ ಲೇಡಿ ತಿನ್ನೋ ಹಣ್ಣಿನ ತಳಿ. ಹಾಲಿಗೆ ಅಂತಲೇ ಹೆಸರಾದದ್ದು ತಮಿಳುನಾಡು ಕೃಷಿ ವಿಶ್ವವಿದ್ಯಾಲಯದ ಸಿಒ-2, ಸಿಒ-5 ಥರದ ತಳಿಗಳು. ಯಾವುದೇ ತಳಿ ಇಟ್ಟರೂ ರಿಂಗ್‌ಸ್ಪಾಟ್ ವೈರಸ್ ಬಂದ್ರೆ ಮದ್ದಿಲ್ಲ, ಗಿಡಹೇನು ಹರಡುತ್ತೆ, ಒಂದು ಸೀಸನ್‌ನಲ್ಲಿ ತೋಟ ಕೂತುಬಿಡುತ್ತೆ.

ಮೈ ಜೋಪಾನದ ಮಾತು ಒಂದು. ಪಪೈನ್‌ಗೆ ಕುರಿ ಮಾಂಸ, ಮನುಷ್ಯನ ಚರ್ಮ ಎರಡೂ ಒಂದೇ. ಹಾಲು ತಾಗಿದ ಕಡೆ ಉರಿ, ಗುಳ್ಳೆ ಏಳುತ್ತೆ, ಕಣ್ಣಿಗೆ ಬಿದ್ರೆ ಅಪಾಯ. ಒಣಪುಡಿಯ ಧೂಳು ಉಸಿರಿಗೆ ಹೋದ್ರೆ ಕೆಲವರಿಗೆ ಉಬ್ಬಸವೇ ಬರುತ್ತೆ. ಕೈಗವಸು, ಕನ್ನಡಕ, ಮಾಸ್ಕ್ ಇಲ್ಲದೆ ಹೆಣ್ಣಾಳುಗಳನ್ನು ಈ ಕೆಲಸಕ್ಕೆ ಇಳಿಸೋದು ಸರಿಯಲ್ಲ. ಈ ಖರ್ಚೂ ಲೆಕ್ಕದಲ್ಲಿ ಸೇರಲಿ.

ಹಣ್ಣಿನ ವೈನ್‌ಗೆ ಪರಂಗಿ ಚೂರು ಹಾಕಿದ್ರೆ?

ಮಡಿಕೇರಿಗೆ ಹೋಗಿ ಬಂದವರು ಅಲ್ಲಿನ 'ಹೋಂ ಮೇಡ್ ವೈನ್' ಬೋರ್ಡು ನೋಡಿರ್ತೀರಿ. ಸೀಬೆ, ನೇರಳೆ, ಅನಾನಸ್ ವೈನ್ ಮಬ್ಬಾದಾಗ ಪರಂಗಿ ಹಾಕಿ ನೋಡೋಣ ಅನ್ನಿಸಬಹುದು. ಬಹಳ ಸಲ ಅದು ದಂಡ. ದ್ರಾಕ್ಷಿ ಬಿಟ್ಟು ಬೇರೆ ಹಣ್ಣಿನ ರಸದಲ್ಲಿ ಮಬ್ಬಿಗೆ ಸಾಮಾನ್ಯ ಕಾರಣ ಪ್ರೋಟೀನ್ ಅಲ್ಲ, ಪೆಕ್ಟಿನ್. ಜಾಮ್ ಗಟ್ಟಿ ಮಾಡುತ್ತಲ್ಲ, ಅದೇ ವಸ್ತು. ಪಪೈನ್‌ಗೆ ಅದನ್ನು ಕತ್ತರಿಸೋಕೆ ಬರಲ್ಲ. ಅದಕ್ಕೆ ಪೆಕ್ಟಿನೇಸ್ ಅನ್ನೋ ಬೇರೆ ಕಿಣ್ವ ಬೇಕು, ಅಂಗಡಿಯಲ್ಲಿ ಸಿಗೋದು ಹೆಚ್ಚಾಗಿ ಶಿಲೀಂಧ್ರದ್ದೇ. ಮೇಲಾಗಿ ಪರಂಗಿ ಕಾಯಿಯಲ್ಲೂ ಪೆಕ್ಟಿನ್ ಇದೆ, ಚೂರು ಹಾಕಿದ್ರೆ ಮಬ್ಬು ಹೆಚ್ಚಿದ್ರೂ ಹೆಚ್ಚಬಹುದು.

ಯಾವ ಮಬ್ಬು ಅಂತ ಪತ್ತೆ ಮಾಡೋದು ಕಷ್ಟ ಅಲ್ಲ. ಗಾಜಿನ ಲೋಟದಲ್ಲಿ ಒಂದು ಚಮಚ ವೈನ್‌ಗೆ ಮೂರು-ನಾಲ್ಕು ಚಮಚ ಸರ್ಜಿಕಲ್ ಸ್ಪಿರಿಟ್ ಹಾಕಿ. ಲೋಳೆಯಂಥ ಎಳೆ, ಗಂಟು ಕಟ್ಟಿದ್ರೆ ಪೆಕ್ಟಿನ್. ನೋಡಿದ ಮೇಲೆ ಚೆಲ್ಲಿಬಿಡಿ, ಸ್ಪಿರಿಟ್ ವಿಷ. ಪ್ರೋಟೀನ್ ಪರೀಕ್ಷೆಗೆ ಸೋಸಿದ ತಿಳಿ ವೈನನ್ನು ಸಣ್ಣ ಶೀಷೆಯಲ್ಲಿ 80 ಡಿಗ್ರಿಯ ಬಿಸಿನೀರಿನಲ್ಲಿ ಎರಡು ಗಂಟೆ ಇಟ್ಟು, ತಣ್ಣಗಾದ ಮೇಲೆ ಟಾರ್ಚ್ ಬೆಳಕು ಹಾಯಿಸಿ. ಕಾಯಿಸದ ಶೀಷೆಗಿಂತ ಮಬ್ಬಾಗಿ ಕಂಡ್ರೆ ಪ್ರೋಟೀನ್ ಉಳಿದಿದೆ ಅಂತ. ದೊಡ್ಡ ವೈನರಿಗಳೂ ಜೇಡಿ ಎಷ್ಟು ಹಾಕಬೇಕು ಅಂತ ತೀರ್ಮಾನ ಮಾಡೋದು ಹೆಚ್ಚುಕಡಿಮೆ ಇಂಥದ್ದೇ ಪರೀಕ್ಷೆಯಿಂದ. ಬೇರೆ ಕಡೆ ಬೋರ್ಡು ನೇತಾಡ್ತಿದೆ ಅಂತ ಇಲ್ಲೂ ಶುರು ಹಚ್ಚಿಕೊಳ್ಳೋಕೆ ಮಾತ್ರ ಹೋಗಬೇಡಿ. 1965ರ ಕರ್ನಾಟಕ ಅಬಕಾರಿ ಕಾಯ್ದೆ ಪ್ರಕಾರ ಪರವಾನಗಿ ಇಲ್ಲದೆ ಮದ್ಯ ತಯಾರಿಸೋದು, ಮಾರೋದು ಅಪರಾಧ. ಹಣ್ಣಿನ ವೈನ್‌ಗೆ ಇದರಲ್ಲಿ ವಿನಾಯಿತಿ ಇದೆ ಅಂದುಕೊಂಡು ಕೈ ಸುಟ್ಟುಕೊಳ್ಳೋದು ಬೇಡ.

ಪಪ್ಪಾಯಿ ತಳಿ, ವೈರಸ್ ರೋಗದ ಬಗ್ಗೆ ಮೂಡಿಗೆರೆಯ ಕೃಷಿ ವಿಜ್ಞಾನ ಕೇಂದ್ರ ಅಥವಾ ಅಲ್ಲೇ ಇರೋ ತೋಟಗಾರಿಕೆ ಕಾಲೇಜಿನಲ್ಲಿ ಕೇಳಬಹುದು. ಹಣ್ಣು ಸಂಸ್ಕರಣೆಯ ಘಟಕ ಮಾಡೋ ಯೋಚನೆ ಇದ್ದವರಿಗೆ ಮೈಸೂರಿನ ಸಿಎಫ್‌ಟಿಆರ್‌ಐ ತರಬೇತಿ ಕೊಡುತ್ತೆ, ತಂತ್ರಜ್ಞಾನವನ್ನೂ ಕೊಡುತ್ತೆ. ಹೋಗುವಾಗ ನಿಮ್ಮ ತೋಟದ ವಿಸ್ತೀರ್ಣ, ಬೋರ್‌ವೆಲ್ ನೀರಿನ ಇಂಚು, ಕೊಳ್ತೀವಿ ಅಂದವರು ಕೊಟ್ಟ ದರದ ಚೀಟಿ, ಮೂರನ್ನೂ ಜೇಬಲ್ಲಿ ಇಟ್ಟುಕೊಂಡು ಹೋಗಿ.